ಆಟೋಕ್ರಾಸ್‌ಗೆ ಮಿಯಾಟಾ: ಸಸ್ಪೆನ್ಷನ್, ಚಕ್ರ, ಬ್ರೇಕ್ – ಮೊದಲ ಹಣ ಎಲ್ಲಿಗೆ?

ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2001ರ ಮಾಜ್ದಾ ಮಿಯಾಟಾ ಇದೆ, ಹಿಂಚಕ್ರ ಚಾಲನೆಯ ಎರಡು ಆಸನದ ಪುಟ್ಟ ಕಾರು. 1.8 ಲೀಟರ್ ಎಂಜಿನ್, ಐದು ಗೇರು, 15 ಇಂಚಿನ 6 ಇಂಚು ಅಗಲದ ಮೂಲ ಚಕ್ರಗಳು, 195/50 ಅಳತೆಯ ಟೈರುಗಳು. ಕಳೆದ ವರ್ಷ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಕ್ರೋಸ್ ಲ್ಯಾಂಡಿಂಗ್‌ನ ಹಳೆಯ ವಿಮಾನನೆಲೆಗೆ ಹೋದವನಿಗೆ ಕೋನುಗಳ ನಡುವೆ ಕಾರು ಓಡಿಸುವ ರುಚಿ ಹತ್ತಿತು. ಈವರೆಗೆ ಆರು ಸ್ಪರ್ಧೆಗಳಲ್ಲಿ ಓಡಿಸಿದ್ದೇನೆ. ಆಟೋಕ್ರಾಸ್ ನೋಡದವರಿಗಾಗಿ ಎರಡು ಮಾತು: ವಿಶಾಲವಾದ ಕಾಂಕ್ರೀಟ್ ಬಯಲಿನಲ್ಲಿ ಕೋನುಗಳಿಂದ ಹಾದಿ ಗುರುತಿಸಿರುತ್ತಾರೆ, ಪ್ರತಿಯೊಬ್ಬರೂ ಗಡಿಯಾರದ ವಿರುದ್ಧ ಸುಮಾರು ಒಂದು ನಿಮಿಷ ಓಡಿಸುತ್ತಾರೆ, ಒಂದು ಕೋನು ಬಿದ್ದರೆ 2 ಸೆಕೆಂಡು ದಂಡ, ಎರಡು ಕೋನುಗಳ ನಡುವೆ ಹಾಯಬೇಕಾದ ಒಂದು ಬಾಗಿಲು ತಪ್ಪಿದರೆ ಆ ಓಟವೇ ಲೆಕ್ಕಕ್ಕಿಲ್ಲ.

ಈ ಋತುವಿಗೆ 2500 ಡಾಲರ್ ತೆಗೆದಿಟ್ಟಿದ್ದೇನೆ. ನನ್ನ ಪಟ್ಟಿಯಲ್ಲಿರುವುದು ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಜೋಡಣೆ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಘಟಕವಾಗಿರುವುದು), 17 ಇಂಚಿನ ಅಲಾಯ್ ಚಕ್ರಗಳು, ಮುಂದಕ್ಕೆ ದೊಡ್ಡ ಬ್ರೇಕ್ ಕಿಟ್ ಮತ್ತು ತೂತು ಕೊರೆದ ಡಿಸ್ಕ್. ಕಾರನ್ನು ದಿನವೂ ಕಚೇರಿಗೆ ಒಯ್ಯುತ್ತೇನೆ. ಈ ನಾಲ್ಕರಲ್ಲಿ ಯಾವುದನ್ನು ಮೊದಲು ಕೊಳ್ಳಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಮಿಶಿಗನ್‌ನಿಂದ

ನಾನು ವೃತ್ತಿಯಿಂದ ವಾಹನಗಳ ಚಾಸಿ ವಿನ್ಯಾಸ ಮಾಡುವವನು, ಹವ್ಯಾಸದಿಂದ ಹದಿನಾಲ್ಕು ವರ್ಷಗಳಿಂದ ಇದೇ ಆಟದಲ್ಲಿ ಇರುವವನು. ನಿಷ್ಠುರವಾಗಿ ಹೇಳುತ್ತೇನೆ, ಬೇಸರ ಬೇಡ: ನಿಮ್ಮ ನಾಲ್ಕರಲ್ಲಿ ಯಾವುದನ್ನೂ ಈಗ ಕೊಳ್ಳಬೇಡಿ.

ಮೊದಲು ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕಾ) ಸಂಸ್ಥೆಯ ಸೋಲೋ, ಅಂದರೆ ಆಟೋಕ್ರಾಸ್, ನಿಯಮಪುಸ್ತಕವನ್ನು ಓದಿ. ಸ್ಟ್ರೀಟ್ ವರ್ಗದಲ್ಲಿ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬದಲಿಸಬಹುದು, ಮುಂದಿನದೋ ಹಿಂದಿನದೋ ಒಂದು ಆ್ಯಂಟಿ-ರೋಲ್ ಬಾರ್ (ಕಾರು ವಾಲುವುದನ್ನು ತಗ್ಗಿಸುವ, ಎಡಬಲ ಚಕ್ರಗಳನ್ನು ಜೋಡಿಸುವ ಸರಳು) ಬದಲಿಸಬಹುದು, ಬ್ರೇಕ್ ಪ್ಯಾಡ್ ನಿಮ್ಮಿಷ್ಟ. ಆದರೆ ಸ್ಪ್ರಿಂಗ್ ಮೂಲದ್ದೇ ಇರಬೇಕು, ಚಕ್ರದ ಅಗಲ ಮೂಲದಷ್ಟೇ ಇರಬೇಕು, ವ್ಯಾಸ ಒಂದು ಇಂಚಿಗಿಂತ ಹೆಚ್ಚು ಬದಲಾಗಬಾರದು. ನಿಮ್ಮ ಕಾಯಿಲ್‌ಓವರ್, 17 ಇಂಚಿನ ಚಕ್ರ, ದೊಡ್ಡ ಬ್ರೇಕ್ ಮೂರೂ ನಿಮ್ಮನ್ನು ಆ ವರ್ಗದಿಂದ ಹೊರಗೆ ತಳ್ಳುತ್ತವೆ. ಹಾಗೆ ಹೊರಬಿದ್ದವನು ಹೆಚ್ಚು ಮಾರ್ಪಾಡು ಮಾಡಿಕೊಂಡವರ ಜೊತೆ ಸೆಣಸಬೇಕಾಗುತ್ತದೆ. ಸ್ಪ್ರಿಂಗ್ ಬದಲಿಸಲೇಬೇಕೆಂಬ ಹಟವಿದ್ದರೆ ಸ್ಟ್ರೀಟ್ ಟೂರಿಂಗ್ ವರ್ಗಗಳಿವೆ, ಅಲ್ಲಿಯೂ ಮಿತಿಗಳಿವೆ; ಉದಾಹರಣೆಗೆ ಅವುಗಳಲ್ಲೊಂದಾದ ಎಸ್‌ಟಿಎಸ್‌ನಲ್ಲಿ ಚಕ್ರದ ಅಗಲ ಏಳೂವರೆ ಇಂಚನ್ನೂ ಟೈರಿನ ಅಗಲ 225 ಮಿಲಿಮೀಟರನ್ನೂ ಮೀರುವಂತಿಲ್ಲ. ನಿಮ್ಮ ವರ್ಷದ ಕಾರು ಎಲ್ಲಿ ಬೀಳುತ್ತದೆ ಎಂಬುದನ್ನು ಈ ವರ್ಷದ ಪುಸ್ತಕದ ಅನುಬಂಧದಲ್ಲಿಯೇ ನೋಡಿಕೊಳ್ಳಿ, ನನ್ನ ಮಾತಿನ ಮೇಲೆ ಕಾರ್ಡ್ ಉಜ್ಜಬೇಡಿ.

ಎರಡನೆಯದು ಬ್ರೇಕ್. ಇದರ ಲೆಕ್ಕ ಕಾಗದದ ಮೇಲೆಯೇ ಮುಗಿಯುತ್ತದೆ. ಚಾಲಕನೂ ಸೇರಿ ಕಾರಿನ ತೂಕ 1130 ಕಿಲೋ ಎಂದಿಟ್ಟುಕೊಳ್ಳೋಣ. ಗಂಟೆಗೆ 90 ಕಿಲೋಮೀಟರ್‌ನಿಂದ 40ಕ್ಕೆ ಇಳಿಸುವಾಗ ಕಳೆಯಬೇಕಾದ ಶಕ್ತಿ ಸುಮಾರು 283 ಕಿಲೋಜೂಲ್. ಅದರಲ್ಲಿ ನೂರಕ್ಕೆ ಎಪ್ಪತ್ತು ಭಾಗ ಮುಂದಿನ ಚಕ್ರಗಳ ಪಾಲು, ಅಂದರೆ ಒಂದೊಂದು ಡಿಸ್ಕಿಗೆ ಸುಮಾರು 100 ಕಿಲೋಜೂಲ್. ಡಿಸ್ಕಿನ ತೂಕ ನಾಲ್ಕೂವರೆ ಕಿಲೋ ಎಂದು ಹಿಡಿದರೆ, ಗಾಳಿಗೆ ಏನನ್ನೂ ಬಿಡದೆ ಅಷ್ಟೂ ಶಾಖವನ್ನು ಅದೇ ಹೀರಿಕೊಂಡರೂ ತಾಪ ಏರುವುದು 50 ಡಿಗ್ರಿಯ ಒಳಗೆ. ಒಂದು ಓಟದಲ್ಲಿ ಇಂಥ ಗಟ್ಟಿ ಬ್ರೇಕ್ ಮೂರೋ ನಾಲ್ಕೋ ಬರಬಹುದು, ಆಮೇಲೆ ಹತ್ತು ಹದಿನೈದು ನಿಮಿಷ ಸಾಲಿನಲ್ಲಿ ನಿಂತಿರುತ್ತೀರಿ. ರೇಸ್ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸುವವನಿಗೆ ದೊಡ್ಡ ಡಿಸ್ಕ್ ಬೇಕಾಗುವುದು ಶಾಖವನ್ನು ಹಿಡಿದಿಟ್ಟುಕೊಳ್ಳುವುದಕ್ಕೆ. ನಿಮಗೆ ಅಷ್ಟು ಶಾಖವೇ ಹುಟ್ಟುವುದಿಲ್ಲ. ಕಾರು ನಿಲ್ಲುವ ದೂರವನ್ನು ನಿರ್ಧರಿಸುವುದು ಟೈರು. ಮೂಲ ಬ್ರೇಕಿಗೇ ನಾಲ್ಕು ಚಕ್ರವನ್ನೂ ಲಾಕ್ ಮಾಡುವಷ್ಟು ಬಲ ಇರುವಾಗ ಅದಕ್ಕಿಂತ ಹೆಚ್ಚಿನ ಬಲವನ್ನು ಕೊಂಡು ಮಾಡುವುದೇನು? ದೊಡ್ಡ ಕಿಟ್‌ನಿಂದ ಚಕ್ರದ ಬಳಿಯ ತೂಕ ಮಾತ್ರ ಹೆಚ್ಚುತ್ತದೆ.

ತೂತು ಕೊರೆದ ಡಿಸ್ಕಿನ ವಿಷಯವನ್ನು ಚರ್ಚಿಸುವುದೇ ಬೇಡ.

ಆಸ್ಟಿನ್, ಟೆಕ್ಸಾಸ್‌ನಿಂದ

ಮಿಶಿಗನ್ ಸರ್ ಹೇಳಿದ ಬ್ರೇಕ್ ಲೆಕ್ಕಕ್ಕೆ ನನ್ನ ಕಡೆಯಿಂದ ಒಂದು ಸಾಕ್ಷಿ ಸೇರಿಸುತ್ತೇನೆ. ಮೊದಲ ಋತುವಿನಲ್ಲಿ, ರೇಸಿಗೆಂದೇ ಮಾಡಿದ ಪ್ಯಾಡ್ ಹಾಕಿಸಿದರೆ ಬ್ರೇಕ್ ಕಚ್ಚುತ್ತದೆ ಎಂಬ ಮಾತನ್ನು ಕೇಳಿ ಹಾಗೆಯೇ ಮಾಡಿದೆ. ಅಂಥ ಪ್ಯಾಡ್ ಚೆನ್ನಾಗಿ ಬಿಸಿಯಾದ ಮೇಲೆ ಕೆಲಸ ಮಾಡುವಂಥದ್ದು. ಬೆಳಗಿನ ಮೊದಲ ಓಟದಲ್ಲಿ, ತಣ್ಣಗಿದ್ದ ಬ್ರೇಕನ್ನು ಒತ್ತಿದಾಗ ಮರದ ಹಲಗೆಯನ್ನು ಒತ್ತಿದಂತಾಯಿತು. ಕಾರು ನೇರವಾಗಿ ಹೋಗಿ ಎದುರಿನ ಕೋನುಗಳ ಗೋಡೆಯನ್ನು ಪೂರ್ತಿ ಕೆಡವಿತು. ಕೆಲಸಕ್ಕೆ ನಿಂತಿದ್ದವರು ಕೋನು ಎತ್ತಿಡುವುದರಲ್ಲಿ ಸುಸ್ತಾದರು. ಆ ಪ್ಯಾಡ್ ಮಾರಿದ ಅಂಗಡಿಯವರು ಕೇಳಿದ್ದು ಕಾರಿನ ಮಾದರಿಯನ್ನು ಮಾತ್ರ, ಬಳಕೆಯನ್ನಲ್ಲ. ಈಗ ರಸ್ತೆಗೂ ಹೊಂದುವ, ತಣ್ಣಗಿದ್ದಾಗಲೂ ಕಚ್ಚುವ ಪ್ಯಾಡ್ ಹಾಕಿದ್ದೇನೆ. ವರ್ಷಕ್ಕೊಮ್ಮೆ ಡಾಟ್ 4 ಬ್ರೇಕ್ ದ್ರವ ಬದಲಿಸಿ, ಕ್ಯಾಲಿಪರ್‌ನ ಜಾರುವ ಪಿನ್‌ಗಳಿಗೆ ಗ್ರೀಸ್ ಹಚ್ಚಿಸುತ್ತೇನೆ. ಬ್ರೇಕ್ ಅಧ್ಯಾಯ ಅಲ್ಲಿಗೆ ಮುಗಿಯಿತು.

ಇನ್ನು ಟೈರು. ನಿಮ್ಮ 2500 ಡಾಲರ್‌ನಲ್ಲಿ ಮೊದಲ ಪಾಲು ಇದಕ್ಕೇ ಹೋಗಬೇಕು. ಸ್ಟ್ರೀಟ್ ವರ್ಗದಲ್ಲಿ ಟ್ರೆಡ್‌ವೇರ್ ಅಂಕ (ಟೈರು ಎಷ್ಟು ಬಾಳುತ್ತದೆಂದು ಸೂಚಿಸುವ ಸಂಖ್ಯೆ) 200ಕ್ಕಿಂತ ಕಡಿಮೆ ಇರಬಾರದೆಂಬ ನಿಯಮವಿದೆ. ಆ ಮಿತಿಯ ಒಳಗೇ ಯೊಕೊಹಾಮಾ ಎ052, ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಫಾಲ್ಕೆನ್ ಆರ್‌ಟಿ660 ಮುಂತಾದವು ಬರುತ್ತವೆ. ಎ052 ಬೇಗ ಬಿಸಿಯಾಗಿ ಮೊದಲ ಓಟದಿಂದಲೇ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಒಂದೇ ಕಾರನ್ನು ಇಬ್ಬರು ಓಡಿಸುವಾಗ ಅತಿಯಾಗಿ ಬಿಸಿಯಾಗುವುದರಿಂದ ನಾವು ಓಟಗಳ ನಡುವೆ ಟೈರಿಗೆ ನೀರು ಸಿಂಪಡಿಸುತ್ತೇವೆ. ಹ್ಯಾಂಕೂಕ್ ಆರ್‌ಎಸ್4 ಬಹಳ ಕಾಲ ಬಾಳುತ್ತದೆ, ಆದರೆ ಬಿಸಿಯಾಗಲು ಸಮಯ ಕೇಳುತ್ತದೆ. ಕಚೇರಿಗೂ ಅದೇ ಟೈರಿನಲ್ಲಿ ಹೋಗುವ ನಿಮಗೆ, ಕಲಿಯುವ ವರ್ಷದಲ್ಲಿ, ಅದು ಕೆಟ್ಟ ಆಯ್ಕೆಯಲ್ಲ.

ಬೆಂಗಳೂರಿನಿಂದ

ನಾನು ಪೀಣ್ಯದ ಕಡೆ ಗ್ಯಾರೇಜ್ ನಡೆಸುತ್ತೇನೆ. ನಮ್ಮಲ್ಲಿ ಆಟೋಕ್ರಾಸ್ ಎಂದರೆ ಬಹುಮಟ್ಟಿಗೆ ಮಣ್ಣಿನ ಹಾದಿ, ಓಡುವುದು ಹೆಚ್ಚಾಗಿ ಮುಂದಿನ ಚಕ್ರಗಳಿಗೆ ಚಾಲನೆ ಇರುವ ಸ್ವಿಫ್ಟ್, ಪೋಲೋ ಮೊದಲಾದವು. ಆದ್ದರಿಂದ ನನ್ನ ಅನುಭವ ಮಿಯಾಟಾಕ್ಕೆ ಪೂರ್ತಿ ಹೊಂದಲಾರದು. ಆದರೂ ಒಂದು ವಿಷಯದಲ್ಲಿ ಎಲ್ಲ ಕಡೆಯೂ ಒಂದೇ ತಪ್ಪು ನಡೆಯುತ್ತದೆ, ಅದು ಹಳೆಯ ಡ್ಯಾಂಪರಿನ ಮೇಲೆ ತಗ್ಗಿಸುವ ಸ್ಪ್ರಿಂಗ್ ಹಾಕುವುದು. ಗಿಡ್ಡ ಸ್ಪ್ರಿಂಗ್ ಹಾಕಿದ ಕೂಡಲೇ ಡ್ಯಾಂಪರಿನ ಓಡಾಟ ಕಡಿಮೆಯಾಗುತ್ತದೆ, ತಿರುವಿನಲ್ಲಿ ಕಾರು ವಾಲಿದಾಗ ಬಂಪ್ ಸ್ಟಾಪ್ ರಬ್ಬರಿನ ಮೇಲೆ ಕೂರುತ್ತದೆ. ಆ ಕ್ಷಣದಲ್ಲಿ ಆ ಮೂಲೆಯ ಗಡಸುತನ ಒಮ್ಮೆಲೇ ಹಲವು ಪಟ್ಟು ಏರಿ ಟೈರು ಜಾರುತ್ತದೆ. ಚಾಲಕ ಅದನ್ನು ತನ್ನ ತಪ್ಪೆಂದೋ ಟೈರಿನ ದೋಷವೆಂದೋ ತಿಳಿದು ಮತ್ತೆ ಹಣ ಸುರಿಯುತ್ತಾನೆ. ಸ್ಪ್ರಿಂಗನ್ನು ಕತ್ತರಿಸಿ ತಗ್ಗಿಸಿಕೊಂಡು ಬಂದವರ ಕಾರುಗಳನ್ನೂ ನೋಡಿದ್ದೇನೆ. ಆ ಕಥೆ ಇಲ್ಲಿ ಬೇಡ.

ಮಿಯಾಟಾದ ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್ ಇದೆ, ಅದು ನಿಮ್ಮ ಭಾಗ್ಯ. ಆದರೆ ಇಪ್ಪತ್ತು ವರ್ಷ ದಾಟಿದ ಕಾರು. ಹೊಸ ಭಾಗ ಕೊಳ್ಳುವ ಮೊದಲು ಜಾಕ್ ಏರಿಸಿ ಕೀಲುಗಳ ರಬ್ಬರ್ ಬುಷ್, ಬಾಲ್ ಜಾಯಿಂಟ್, ಚಕ್ರದ ಬೇರಿಂಗ್ ಇವುಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಬುಷ್ ಸತ್ತ ಕಾರಿಗೆ ಅಲೈನ್‌ಮೆಂಟ್ ಮಾಡಿಸಿದರೆ ಯಂತ್ರದ ಮೇಲೆ ಬಂದ ಕೋನ ರಸ್ತೆಯಲ್ಲಿ ಉಳಿಯುವುದಿಲ್ಲ.

ಫ್ರೀಮಾಂಟ್‌ನಿಂದ

ಮೂವರಿಗೂ ಧನ್ಯವಾದಗಳು. ಬ್ರೇಕ್ ಕಿಟ್ ಮತ್ತು ಡಿಸ್ಕ್ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿದೆ. ಸ್ಟ್ರೀಟ್ ವರ್ಗದಲ್ಲಿಯೇ ಉಳಿಯುತ್ತೇನೆ. ಆದರೆ ಎರಡು ಅನುಮಾನ ಉಳಿದಿವೆ. ತಿರುವಿನಲ್ಲಿ ನನ್ನ ಕಾರು ದೋಣಿಯಂತೆ ವಾಲುತ್ತದೆ; ವಾಲಿದಷ್ಟೂ ತೂಕ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ ಎಂದ ಮೇಲೆ, ವಾಲುವುದನ್ನು ತಡೆದರೆ ತೂಕ ಸರಿಯುವುದೂ ತಪ್ಪುತ್ತದೆ ಅಲ್ಲವೇ? ಇನ್ನೊಂದು, 17 ಇಂಚಿನ ಚಕ್ರ ವರ್ಗದ ನಿಯಮಕ್ಕೆ ಹೊಂದುವುದಿಲ್ಲ ಎಂಬುದನ್ನು ಬಿಟ್ಟರೆ, ತಾಂತ್ರಿಕವಾಗಿ ಅದರಲ್ಲಿ ತಪ್ಪೇನಿದೆ?

ಮಿಶಿಗನ್‌ನಿಂದ

ಮೊದಲನೆಯದು ಬಹಳ ಜನ ತಪ್ಪಾಗಿ ತಿಳಿದಿರುವ ವಿಷಯ. ತಿರುವಿನಲ್ಲಿ ಒಳಗಿನಿಂದ ಹೊರಗಿನ ಚಕ್ರಗಳಿಗೆ ಸರಿಯುವ ಒಟ್ಟು ತೂಕವನ್ನು ಬಹುಪಾಲು ನಿರ್ಧರಿಸುವುದು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ ಮತ್ತು ನೀವು ತಿರುಗುತ್ತಿರುವ ವೇಗೋತ್ಕರ್ಷ, ಈ ನಾಲ್ಕೇ. ಗುರುತ್ವಕೇಂದ್ರ ನೆಲದಿಂದ 0.45 ಮೀಟರ್ ಎಂದಿಟ್ಟುಕೊಳ್ಳಿ, ಎಡಬಲ ಅಂತರ ಸುಮಾರು 1.42 ಮೀಟರ್, ವೇಗೋತ್ಕರ್ಷ 1 ಜಿ. ಆಗ 1130 ಕಿಲೋದಲ್ಲಿ ಸರಿಯುವುದು ಸುಮಾರು 358 ಕಿಲೋ. ನಿಂತಾಗ ಒಂದೊಂದು ಬದಿಗೆ 565 ಕಿಲೋ ಇದ್ದದ್ದು ತಿರುವಿನಲ್ಲಿ ಒಳಬದಿಗೆ 207, ಹೊರಬದಿಗೆ 923 ಆಗುತ್ತದೆ. ನೀವು ಕಬ್ಬಿಣದ ಕಂಬದಂಥ ಆ್ಯಂಟಿ-ರೋಲ್ ಬಾರ್ ಹಾಕಿದರೂ ಈ ಮೊತ್ತ ಹೆಚ್ಚುಕಡಿಮೆ ಇಷ್ಟೇ.

ಹಾಗಿದ್ದರೆ ಬಾರ್ ಏಕೆ? ಎರಡು ಕಾರಣ. ಸರಿಯುವ 358 ಕಿಲೋದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬ ಪಾಲನ್ನು ಬಾರ್ ಬದಲಿಸುತ್ತದೆ. ಯಾವ ತುದಿ ಗಡಸೋ ಆ ತುದಿಯ ಪಾಲು ಹೆಚ್ಚು, ಆ ತುದಿ ಮೊದಲು ಜಾರುವ ಒಲವೂ ಹೆಚ್ಚು. ಎರಡನೆಯದಾಗಿ, ಕಾರು ವಾಲಿದಾಗ ಹೊರಗಿನ ಟೈರು ತನ್ನ ಹೊರಅಂಚಿನ ಮೇಲೆ ನಿಲ್ಲುವ ಕಡೆಗೆ ಹೋಗುತ್ತದೆ. ವಾಲುವುದು ಕಡಿಮೆಯಾದರೆ ಟೈರಿನ ಅಗಲವೆಲ್ಲ ನೆಲಕ್ಕೆ ತಾಗಿರುತ್ತದೆ.

ಆದರೂ ನನ್ನ ಅನುಕ್ರಮದಲ್ಲಿ ಬಾರಿಗಿಂತ ಡ್ಯಾಂಪರ್ ಮೊದಲು; ಏಕೆಂದು ಹೇಳುತ್ತೇನೆ. ಸಾಲು ಕೋನುಗಳ ಎಡಕ್ಕೂ ಬಲಕ್ಕೂ ಹಾವಿನಂತೆ ಸುಳಿಯುವ ಸ್ಲಾಲಂನಲ್ಲಿ ಕೋನುಗಳ ನಡುವೆ 20 ಮೀಟರ್ ಇದ್ದು ನೀವು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಪ್ರತಿ 1.2 ಸೆಕೆಂಡಿಗೆ ಕಾರು ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳಬೇಕು. ಅಂದರೆ ಕಾರು ಒಂದು ಬದಿಗೆ ವಾಲಿ ನೆಲೆಗೊಳ್ಳುವಷ್ಟು ಹೊತ್ತು ಎಲ್ಲಿಯೂ ಸಿಗುವುದೇ ಇಲ್ಲ. ನಿಮ್ಮ ಓಟದ ಬಹುಪಾಲು ಕಳೆಯುವುದು ಹೊರಳುವುದರಲ್ಲಿ. ಎಷ್ಟು ವಾಲಬೇಕು ಎಂಬುದನ್ನು ಸ್ಪ್ರಿಂಗ್ ಮತ್ತು ಬಾರ್ ಹೇಳುತ್ತವೆ, ಎಷ್ಟು ಬೇಗ ವಾಲಬೇಕು ಎಂಬುದನ್ನು ಡ್ಯಾಂಪರ್ ಹೇಳುತ್ತದೆ. ಸವೆದ ಡ್ಯಾಂಪರ್ ಇದ್ದರೆ ನಾಲ್ಕನೆಯ ಕೋನಿನ ಹೊತ್ತಿಗೆ ಕಾರು ನಿಮ್ಮ ಸ್ಟೀರಿಂಗಿಗಿಂತ ಒಂದು ಹೆಜ್ಜೆ ಹಿಂದೆ ಉಳಿದಿರುತ್ತದೆ. ಕೋನಿಯ ಹಳದಿ ಡ್ಯಾಂಪರ್ ಆದರೆ ರಿಬೌಂಡ್ (ಡ್ಯಾಂಪರ್ ಹಿಗ್ಗುವಾಗಿನ ತಡೆ) ಮಾತ್ರ ಹೊಂದಿಸಬಹುದು, ನಿಮ್ಮ ಕಾರಿಗೆ ಅದು ಸಾಕು. ಬಿಲ್‌ಸ್ಟೈನ್ ಎಚ್‌ಡಿ ಹೊಂದಿಸಲು ಬಾರದು, ತಲೆನೋವೂ ಇಲ್ಲ. ಹೊರಗಿನಿಂದ ಹೊಂದಿಸುವ ಎರಡು ತಿರುಪುಗಳವರೆಗೆ ನಿಯಮದ ಅನುಮತಿಯಿದೆ, ಆದರೆ ಆರು ಸ್ಪರ್ಧೆ ಓಡಿಸಿದವರಿಗೆ ಎರಡು ತಿರುಪು ಕೊಟ್ಟರೆ ಗೊಂದಲ ಎರಡು ಪಟ್ಟಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ನನಗೇ ಹಾಗಾಗಿತ್ತು.

ಆಸ್ಟಿನ್‌ನಿಂದ

ಚಕ್ರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಿಮ್ಮ ಐದು ಗೇರಿನ ಕಾರಿನಲ್ಲಿ ಎರಡನೆಯ ಗೇರಿನ ಅನುಪಾತ 1.888, ಹಿಂದಿನ ಡಿಫರೆನ್ಷಿಯಲ್‌ನದು 4.3. 195/50 ಅಳತೆಯ 15 ಇಂಚಿನ ಟೈರಿನ ಹೊರವ್ಯಾಸ 576 ಮಿಲಿಮೀಟರ್. ಎಂಜಿನ್ ನಿಮಿಷಕ್ಕೆ 7000 ಸುತ್ತುವಾಗ ಎರಡನೆಯ ಗೇರು ಕೊಡುವುದು ಗಂಟೆಗೆ ಸುಮಾರು 94 ಕಿಲೋಮೀಟರ್. ಆಟೋಕ್ರಾಸಿನ ಬಹುಪಾಲು ಇದೇ ಗೇರಿನಲ್ಲಿ ನಡೆಯುವುದರಿಂದ ಹೊರವ್ಯಾಸ ಎಂದರೆ ನಿಮ್ಮ ಗೇರಿನ ಅನುಪಾತವೇ ಎಂದು ತಿಳಿಯಿರಿ. 205/40 ಅಳತೆಯ 17 ಇಂಚಿನ ಟೈರು 596 ಮಿಲಿಮೀಟರ್ ಆಗುತ್ತದೆ, ಅಂದರೆ ನೂರಕ್ಕೆ ಮೂರೂವರೆಯಷ್ಟು ಉದ್ದದ ಗೇರು. ತಿರುವಿನಿಂದ ಹೊರಬರುವಾಗ ಎಳೆಯುವ ಬಲ ಅಷ್ಟು ಕುಗ್ಗುತ್ತದೆ, ಕಾರು ಹತ್ತು ಮಿಲಿಮೀಟರ್ ಮೇಲೇಳುತ್ತದೆ, ಚಕ್ರವೂ ಸಾಮಾನ್ಯವಾಗಿ ಹೆಚ್ಚು ಭಾರ. ಸಿಗುವುದು ನೋಟ ಮಾತ್ರ. ಕೆಲವು ಹಾದಿಗಳಲ್ಲಿ ಉದ್ದದ ಗೇರಿನಿಂದ ಮೂರಕ್ಕೆ ಏರಿಸುವ ತಾಪತ್ರಯ ತಪ್ಪುತ್ತದೆ ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ; ಆದರೆ ಆ ಲಾಭ 205/50 ಅಳತೆಯ 15 ಇಂಚಿನ ಟೈರಿನಲ್ಲಿಯೇ ಸ್ವಲ್ಪ ಮಟ್ಟಿಗೆ ಸಿಗುತ್ತದೆ. ಅದರ ವ್ಯಾಸ 586, ಎರಡನೆಯ ಗೇರು 95 ಮುಟ್ಟುತ್ತದೆ, ನಿಮ್ಮ 6 ಇಂಚಿನ ಚಕ್ರಕ್ಕೆ ಸರಿಯಾಗಿ ಕೂರುತ್ತದೆ. 225/45 ಅಳತೆಯ ಟೈರನ್ನು 6 ಇಂಚಿನ ಮೇಲೆ ತುರುಕಲು ಹೋಗಬೇಡಿ, ಅದಕ್ಕೆ ಕನಿಷ್ಠ 7 ಇಂಚು ಬೇಕು. ಕಿರಿದಾದ ರಿಮ್ಮಿನ ಮೇಲೆ ಟೈರಿನ ಗೋಡೆಗಳು ಒಳಗೆ ಮಡಚಿಕೊಂಡು ಸ್ಟೀರಿಂಗ್ ಸೋಮಾರಿಯಾಗುತ್ತದೆ.

ಮುಂದೆ ಎಂದಾದರೂ ಬೇರೆ ಚಕ್ರ ಕೊಳ್ಳುವುದಾದರೆ ಬೋಲ್ಟ್ ಅಂತರ 4 ಸಲ 100 (100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ನಾಲ್ಕು ಬೋಲ್ಟು), ನಡುವಿನ ತೂತು 54.1 ಮಿಲಿಮೀಟರ್, ನಟ್ಟಿನ ಎಳೆ 12 ಸಲ 1.5 ಎಂಬುದನ್ನು ಬರೆದಿಟ್ಟುಕೊಳ್ಳಿ. ನಡುವಿನ ತೂತು ದೊಡ್ಡದಿದ್ದರೆ ಉಂಗುರ ಹಾಕಿಸಬೇಕು, ಇಲ್ಲದಿದ್ದರೆ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗುತ್ತದೆ.

ಬಾರಿನ ವಿಷಯದಲ್ಲಿ ಮಾತ್ರ ಮಿಶಿಗನ್ ಸರ್ ಅವರಿಗಿಂತ ನನ್ನ ಅನುಭವ ಸ್ವಲ್ಪ ಬೇರೆ. ನನ್ನ ಮಿಯಾಟಾಕ್ಕೆ ದಪ್ಪನೆಯ ಮುಂದಿನ ಬಾರನ್ನೇ ಮೊದಲು ಹಾಕಿದೆ, ಡ್ಯಾಂಪರ್ ಆಮೇಲೆ ಬಂತು. ಮುಂದೆ ಗಡಸಾದರೆ ಮುಂಭಾಗ ಜಾರಬೇಕು ಎಂದು ಲೆಕ್ಕ ಹೇಳುತ್ತದೆ. ಆದರೆ ಮೂಲ ಸ್ಪ್ರಿಂಗ್ ಮೆತ್ತಗಿರುವುದರಿಂದ ವಾಲುವುದು ತಗ್ಗಿ ಮುಂದಿನ ಟೈರು ನೆಟ್ಟಗೆ ನಿಂತ ಲಾಭವೇ ಹೆಚ್ಚಾಯಿತು. ಅದಕ್ಕಿಂತ ಮುಖ್ಯವಾಗಿ, ಮುಂದಿನ ಜೋಡಿ ಹೆಚ್ಚು ಪಾಲು ಹೊತ್ತದ್ದರಿಂದ ಒಳಗಿನ ಹಿಂಚಕ್ರದ ಮೇಲೆ ತೂಕ ಉಳಿದು, ತಿರುವಿನಿಂದ ಹೊರಬರುವಾಗ ಅದು ಸುಮ್ಮನೆ ಸುತ್ತುವುದು ನಿಂತಿತು. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವ ಡಿಫರೆನ್ಷಿಯಲ್) ಇಲ್ಲದ ಕಾರಿಗೆ ಇದು ಸಣ್ಣ ಲಾಭವಲ್ಲ.

ಬೆಂಗಳೂರಿನಿಂದ

ಆಸ್ಟಿನ್ ಮೇಡಂ ಹೇಳಿದ್ದನ್ನು ಓದಿ ಊರಿನ ಹುಡುಗರು ಸ್ವಿಫ್ಟಿಗೆ ಮುಂದಿನ ಬಾರ್ ಹುಡುಕಿಕೊಂಡು ಜೆ.ಸಿ. ರಸ್ತೆಗೆ ಹೋಗಬಾರದೆಂದು ಇಷ್ಟು ಸೇರಿಸುತ್ತೇನೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಇದು ತಿರುವುಮುರುವು. ಅಲ್ಲಿ ಎಳೆಯುವುದೂ ತಿರುಗಿಸುವುದೂ ಮುಂದಿನ ಟೈರುಗಳೇ, ಸುತ್ತುವುದು ಒಳಗಿನ ಮುಂಚಕ್ರ. ಆದ್ದರಿಂದ ಹಿಂಭಾಗವನ್ನು ಗಡಸು ಮಾಡಿ ಮುಂದಿನ ಹೊರೆಯನ್ನು ಇಳಿಸಬೇಕು; ಒಳಗಿನ ಹಿಂಚಕ್ರ ನೆಲ ಬಿಟ್ಟು ಎದ್ದರೂ ಹೆದರಬೇಕಿಲ್ಲ. ಮಣ್ಣಿನ ಹಾದಿಗಾದರೆ ಈ ಗಡಸುತನವೂ ಅತಿಯಾಗಬಾರದು, ಕಾರನ್ನು ತಗ್ಗಿಸಲೂಬಾರದು. ರಸ್ತೆಯ ಕಾರಿನ ರಚನೆಯನ್ನು ಬದಲಿಸುವುದಕ್ಕೆ ನಮ್ಮಲ್ಲಿ ಕಾನೂನಿನ ಅಡ್ಡಿಯಿದೆ ಎಂಬುದನ್ನೂ ನೆನಪಿಡಿ.

ಮಿಶಿಗನ್‌ನಿಂದ

ಆಸ್ಟಿನ್‌ನವರ ಮಾತನ್ನು ಒಪ್ಪುತ್ತೇನೆ. ನನ್ನ ತಕರಾರು ಅನುಕ್ರಮದ ಬಗ್ಗೆ ಮಾತ್ರ: ಅವರ ಡ್ಯಾಂಪರುಗಳು ಆಗ ಹೊಸದಾಗಿದ್ದಿರಬೇಕು, ಇವರದು ಇಪ್ಪತ್ತು ವರ್ಷ ಹಳೆಯದಿರಬಹುದು. ಬಾರ್ ಅಗ್ಗ, ಆದ್ದರಿಂದ ಎರಡೂ ಇದೇ ಹಣದಲ್ಲಿ ಹಿಡಿಯಬಹುದು.

ಇವೆಲ್ಲಕ್ಕಿಂತ ಮುಖ್ಯ ಅಲೈನ್‌ಮೆಂಟ್. ಮಿಯಾಟಾದಲ್ಲಿ ಕ್ಯಾಂಬರ್ ಹೊಂದಿಸಲು ವಿಶ್‌ಬೋನಿನ ಬುಡದಲ್ಲಿಯೇ ಕ್ಯಾಮ್ ಬೋಲ್ಟುಗಳಿವೆ, ಹೊಸ ಭಾಗ ಬೇಡ. ಮುಂದೆ ಎಷ್ಟು ಋಣ ಕ್ಯಾಂಬರ್ (ಚಕ್ರದ ಮೇಲಂಚು ಒಳಕ್ಕೆ ವಾಲಿರುವುದು) ಸಿಗುತ್ತದೋ ಅಷ್ಟನ್ನೂ ಕೊಡಿ ಎಂದು ಹೇಳಿ, ಮೂಲ ಎತ್ತರದಲ್ಲಿ ಅದು ಹೆಚ್ಚೇನೂ ಆಗುವುದಿಲ್ಲ. ಎಡಬಲ ಸಮ ಇರಲಿ. ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸೊನ್ನೆ, ಹಿಂದೆ ಸ್ವಲ್ಪ ಒಳಮುಖ. ಆ ಬೋಲ್ಟುಗಳು ತುಕ್ಕು ಹಿಡಿದು ಬುಷ್‌ನೊಳಗೆ ಅಂಟಿಕೊಂಡಿರುವುದು ನಮ್ಮ ಮಿಶಿಗನ್‌ನಲ್ಲಿ ಸಾಮಾನ್ಯ, ಚಳಿಗಾಲದ ಉಪ್ಪಿನ ಕೃಪೆ. ಕ್ಯಾಲಿಫೋರ್ನಿಯಾದ ಕಾರಿಗೆ ಆ ಕಾಟ ಇರಲಾರದು.

ಫ್ರೀಮಾಂಟ್‌ನಿಂದ – ಏಳು ವಾರಗಳ ನಂತರ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಜಾಕ್ ಏರಿಸಿ ನೋಡಿದಾಗ ಬೆಂಗಳೂರಿನವರು ಹೇಳಿದ್ದೇ ನಿಜವಾಯಿತು: ಎಡ ಮುಂಚಕ್ರದ ಕೆಳಗಿನ ಬಾಲ್ ಜಾಯಿಂಟ್ ಕೈಗೇ ಅಲ್ಲಾಡುತ್ತಿತ್ತು. ಎರಡೂ ಬದಿಗೆ ಹೊಸದು ಹಾಕಿಸಿದೆ. 205/50 ಅಳತೆಯ ಟೈರು, ಕೋನಿ ಡ್ಯಾಂಪರ್, ರಸ್ತೆಗೂ ಹೊಂದುವ ಬ್ರೇಕ್ ಪ್ಯಾಡ್, ಹೊಸ ದ್ರವ, ಕೊನೆಯಲ್ಲಿ ಅಲೈನ್‌ಮೆಂಟ್. ಮುಂದೆ ಒಂದೂಕಾಲು ಡಿಗ್ರಿ ಋಣ ಕ್ಯಾಂಬರ್ ಬಂತು. ಮುಂದಿನ ಬಾರನ್ನೂ ತರಿಸಿದ್ದೇನೆ, ಆದರೆ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ಏನಾಯಿತೆಂದು ತಿಳಿಯದೆಂದು ಡಬ್ಬಿಯಲ್ಲೇ ಇಟ್ಟಿದ್ದೇನೆ.

ಹೋದ ಭಾನುವಾರ ಓಡಿಸಿದೆ. ಟೈರಿನ ಅಂಚಿಗೆ ಸೀಮೆಸುಣ್ಣ ಹಚ್ಚಿ, ಗಾಳಿಯ ಒತ್ತಡವನ್ನು 34 ಪಿಎಸ್‌ಐನಿಂದ ಆರಂಭಿಸಿ, ಸುಣ್ಣ ಅಳಿಸುವ ಗುರುತು ಭುಜದ ಅಂಚಿಗೆ ಬಂದು ನಿಲ್ಲುವವರೆಗೆ ಎರಡೆರಡು ಇಳಿಸುತ್ತ ಬಂದೆ. ಮುಂದೆ 30ಕ್ಕೆ ನಿಂತಿತು, ಹಿಂದೆ 28ಕ್ಕೆ. ಕಾರು ಈಗಲೂ ವಾಲುತ್ತದೆ, ಆದರೆ ಒಮ್ಮೆ ವಾಲಿ ನಿಲ್ಲುತ್ತದೆ, ಮೊದಲಿನಂತೆ ತೂಗಾಡುವುದಿಲ್ಲ. ಯಾವಾಗಲೂ ನನಗಿಂತ ಮೂರು ಸೆಕೆಂಡು ಮುಂದಿರುತ್ತಿದ್ದ, ಕಾರಿಗೆ ಏನೂ ಮಾಡಿಸದ ಸಹೋದ್ಯೋಗಿಗಿಂತ ಈ ಸಲ ಒಂದು ಸೆಕೆಂಡು ಹಿಂದಿದ್ದೆ. ಐದು ಓಟದಲ್ಲಿ ಅತಿ ವೇಗದ್ದು ಇನ್ನೂ ಚೆನ್ನಾಗಿತ್ತು, ಸ್ಲಾಲಂನ ಕೊನೆಯ ಕೋನು ಬಿದ್ದು 2 ಸೆಕೆಂಡು ಹೋಯಿತು. ತಿರುವಿನಿಂದ ಹೊರಬರುವಾಗ ಒಳಗಿನ ಹಿಂಚಕ್ರ ಸುತ್ತುವುದು ಮಾತ್ರ ಆಸ್ಟಿನ್ ಮೇಡಂ ವರ್ಣಿಸಿದಂತೆಯೇ ಇದೆ. ಮುಂದಿನ ಸ್ಪರ್ಧೆಗೆ ಮೂರು ವಾರವಿದೆ. ಈ ಶನಿವಾರ ಡಬ್ಬಿ ತೆರೆಯುತ್ತೇನೆ.